ಬಡಿಯದ ಐದು ಮೊಳೆ

ನಮ್ಮಪ್ಪ ಸತ್ತವರನ್ನು ಕಟ್ಟುವ ಕೆಲಸ ಮಾಡುತ್ತಿದ್ದ. ಮಸ್ಕಿಯ ಸುತ್ತಿನ ಹಳ್ಳಿಗಳಲ್ಲಿ ಯಾರಾದರೂ ಕೆಟ್ಟ ಸಾವು ಸತ್ತರೆ, ಅಂದರೆ ಬಾವಿಗೆ ಬಿದ್ದೋ, ಬೆಳೆಗೆ ಹೊಡೆಯುವ ಎಣ್ಣೆ ಕುಡಿದೋ, ಗಾಡಿ ಹಾಯ್ದೋ ಸತ್ತರೆ, ಮಣ್ಣು ಮಾಡಿದ ಮೂರನೆಯ ದಿನ, ಆಗ ಬಿಟ್ಟವರು ಮನೆಯಲ್ಲಿ ತೊಂದರೆ ಕಂಡ ಮೇಲೆ, ಅಪ್ಪನಿಗೆ ಹೇಳಿಕಳಿಸುತ್ತಿದ್ದರು. ಅವನು ಹೋಗಿ ಗೋರಿಯ ನಾಲ್ಕು ಮೂಲೆಗೆ ನಾಲ್ಕು, ತಲೆಯ ಕಡೆಗೆ ಒಂದು, ಹೀಗೆ ಐದು ಕಬ್ಬಿಣದ ಮೊಳೆ ಬಡಿದು ಬರುತ್ತಿದ್ದ. ಬಂದು ಬೇವಿನ ಸೊಪ್ಪು ಹಾಕಿದ ನೀರಲ್ಲಿ ಮೈ ತೊಳೆದುಕೊಂಡು, ಆ ದಿನ ಯಾರ ಜೊತೆಗೂ ಮಾತಾಡದೆ ಮಲಗುತ್ತಿದ್ದ.

ಪುಸ್ತಕ ಓದಿದವರು ರಕ್ತಪಿಶಾಚಿ ಎನ್ನುವುದಕ್ಕೆ ನಮ್ಮ ಕಡೆ ಅಂಥ ದೊಡ್ಡ ಹೆಸರಿಲ್ಲ. ಮನೆಯಲ್ಲಿ ಒಬ್ಬರು ಕೆಟ್ಟ ಸಾವು ಸತ್ತು, ತಿಂಗಳೊಪ್ಪತ್ತಿನಲ್ಲಿ ಅದೇ ಮನೆಯ ಇನ್ನೊಬ್ಬರು ಬಿಳಿಚಿಕೊಂಡು, ಉಗುರು ಬೆಳ್ಳಗಾಗಿ, ನಾಲ್ಕು ಹೆಜ್ಜೆಗೆ ಏದುಸಿರು ಬಿಡತೊಡಗಿದರೆ ಜನ ದನಿ ತಗ್ಗಿಸಿ "ಹೀರಾಕತ್ತದ" ಅನ್ನುತ್ತಿದ್ದರು. ಯಾರು, ಏನನ್ನು ಎಂದು ಯಾರೂ ಕೇಳುತ್ತಿರಲಿಲ್ಲ. ಸತ್ತವರು ಬೇರೆಯವರ ಮನೆಗೆ ಹೋಗುವುದಿಲ್ಲ, ತಮಗೆ ಬೇಕಾದವರ ಹತ್ತಿರವೇ ಬರುತ್ತಾರೆ, ಪ್ರೀತಿ ಎಷ್ಟೋ ಅಷ್ಟು ರಗತ ಹೀರುತ್ತಾರೆ ಎಂದು ಅಪ್ಪ ನನಗೆ ಹೇಳಿಕೊಟ್ಟಿದ್ದ. ಮಟಮಟ ಮಧ್ಯಾಹ್ನ ಬರುತ್ತಾರೆ. ಮಾತಾಡುವುದಿಲ್ಲ. ಕರೆಯದೆ ಹೊಸ್ತಿಲು ದಾಟುವುದಿಲ್ಲ. ಒಮ್ಮೆ ಕರೆದರೆ ಒಳಗೆ ಬರದೆ ಬಿಡುವುದಿಲ್ಲ.

ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ. ಕೈ ನಡುಗತೊಡಗಿದ ವರ್ಷ ಸುತ್ತಿಗೆಯನ್ನು ನನಗೆ ಕೊಟ್ಟ. ನನಗಾಗ ಇಪ್ಪತ್ತೆರಡು. ಅವನು ಹೋದ ಮೇಲೆ ಜನ ನನ್ನನ್ನು ಕರೆಯತೊಡಗಿದರು. ಕರೆಯುವುದೇನೋ ಕರೆಯುತ್ತಿದ್ದರು, ಹಿತ್ತಲ ಬಾಗಿಲಿಂದ. ಚಹಾ ಕೊಟ್ಟರೆ ಕಾಗದದ ಕಪ್ಪಿನಲ್ಲಿ, ಅದನ್ನೂ ಕಟ್ಟೆಯ ಮೇಲಿಟ್ಟು ದೂರ ಸರಿಯುತ್ತಿದ್ದರು. ಸೀಮಂತಕ್ಕೆ, ತೊಟ್ಟಿಲಿಗೆ, ಮದುವೆಗೆ ಯಾರೂ ಹೇಳುತ್ತಿರಲಿಲ್ಲ. ದಾರಿಯಲ್ಲಿ ಎದುರಾದರೆ ಬಸುರಿಯರು ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಳ್ಳುತ್ತಿದ್ದರು. ಗುರುಗುಂಟಾದಿಂದ ಒಂದು ಸಂಬಂಧ ಬಂದಿತ್ತು. ಹುಡುಗನ ತಾಯಿ ನನ್ನ ಅಂಗೈ ತಿರುಗಿಸಿ ನೋಡಿ, "ಗೋರಿಗೆ ಮೊಳಿ ಬಡಿಯೋ ಕೈಲೆ ನಮ್ಮ ಮನ್ಯಾಗ ರೊಟ್ಟಿ ಬಡೀತಾಳೇನು?" ಎಂದು ನನ್ನೆದುರಿಗೇ ಕೇಳಿದಳು. ಆಮೇಲೆ ಯಾರೂ ಬರಲಿಲ್ಲ. ನಾನೂ ಕಾಯುವುದನ್ನು ಬಿಟ್ಟೆ.

ಮುಂದೆ ನನ್ನವನಾದವನನ್ನು ಮೊದಲು ಕಂಡಾಗ ನನಗೆ ಮೂವತ್ತೆಂಟು ದಾಟಿತ್ತು. ಸಿಂಧನೂರಿನಲ್ಲಿ ಭತ್ತದ ವ್ಯಾಪಾರ ಮಾಡುವ ಒಂದು ಮನೆಯಿಂದ ನನ್ನನ್ನು ಕರೆಸಿದ್ದರು. ಆ ಮನೆಯ ಸೊಸೆ ಕಾಲುವೆಗೆ ಬಿದ್ದು ಸತ್ತು ಎರಡು ತಿಂಗಳಾಗಿತ್ತು. ಆಕೆಯ ಎರಡು ವರ್ಷದ ಕೂಸು ಮೇಣದ ಗೊಂಬೆಯ ಹಾಗೆ ಆಗಿತ್ತು. ಕಣ್ಣ ರೆಪ್ಪೆಯನ್ನು ಕೆಳಗೆಳೆದು ನೋಡಿದೆ, ಒಳಗೆ ಸುಣ್ಣ ಬಳಿದ ಹಾಗೆ ಬಿಳಿ. ಅತ್ತೆ ಗೋಡೆಗೆ ಅಂಟಿಕೊಂಡು ನಿಂತು, "ಆಕಿನಽ ಬರಾಕತ್ತಾಳ. ಕೂಸು ಬಾಗಲ ಕಡೆ ನೋಡಿ ನಗ್ತದ" ಎಂದಳು. ನಾನು ಚೀಲ ಹಿಡಿದು ಅವರ ಹೊಲದ ಗೋರಿಯತ್ತ ಹೋದೆ.

ಗೋರಿಯ ಪಕ್ಕ ಒಬ್ಬ ಗಂಡಸು ಕುಕ್ಕರುಗಾಲಲ್ಲಿ ಕುಳಿತು ಬೆರಳಿಂದ ಮಣ್ಣು ತೋಡುತ್ತಿದ್ದ. ನನ್ನ ಕೈಯ ಸುತ್ತಿಗೆ ನೋಡಿ ಎದ್ದು ನಿಂತ.

"ನೀವು ಮೊಳಿ ಬಡಿಯಾಕಿ ಏನ್ರೀ?"

"ಹೌದು. ನೀವ್ಯಾರು?"

"ನಾ ಈಕಿನ್ನ ಕೊಯ್ದಾಂವ."

ಸರಕಾರಿ ದವಾಖಾನೆಯಲ್ಲಿ ಹೆಣ ಕೊಯ್ಯುವ ಕೆಲಸ ಅವನದು. ಡಾಕ್ಟರು ನಿಂತು ಹೇಳುತ್ತಾರೆ, ಕತ್ತರಿಸುವವನು, ಹೊಲಿಯುವವನು, ತೊಳೆದು ಬಟ್ಟೆ ಸುತ್ತಿಕೊಡುವವನು ಅವನು. ಆ ಹೆಣ್ಣುಮಗಳ ಒಂದು ಕಾಲುಂಗುರ ಊದಿದ ಬೆರಳಿಂದ ತೆಗೆದಿಟ್ಟದ್ದು ದವಾಖಾನೆಯಲ್ಲೇ ಉಳಿದಿತ್ತಂತೆ. ಕಾಗದದಲ್ಲಿ ಸುತ್ತಿ ಮನೆಗೆ ಕೊಡಲು ಹೋದರೆ ಅಂಗಳಕ್ಕೂ ಸೇರಿಸಿರಲಿಲ್ಲ. ಅದಕ್ಕೆ ಆಕೆಯ ಕಾಲ ಹತ್ತಿರವೇ ಹುಗಿಯಲು ಬಂದಿದ್ದ.

ನಾನು ಮೊದಲ ಮೊಳೆ ತೆಗೆದೆ. ಅವನು ನೋಡುತ್ತ ನಿಂತ.

"ಈಕಿ ಎದ್ದು ಬರ್ತಾಳಂತ ಬಡಿಯಾಕತ್ತೀರೇನು?"

"ಕೂಸು ಬಿಳಿಚ್ಯಾದ. ನೀವಽ ಹೋಗಿ ನೋಡ್ರಿ."

"ನನ್ನ ಯಾರು ಒಳಗ ಬಿಡ್ತಾರ್ರೀ? ಅಕ್ಕಾರ, ನಾ ಹೆಣದ ಜೊತಿಗೇ ಹರೇ ಕಳದೀನಿ. ಒಂದೂ ಎದ್ದು ಕುಂತಿಲ್ಲ. ಕುಂತಿದ್ರ ನನಗೂ ಮಾತಾಡಾಕ ಯಾರರ ಸಿಗ್ತಿದ್ರು."

ನನಗೆ ಸಿಟ್ಟು ಬಂತು. ಐದೂ ಬಡಿದೆ. ನನ್ನ ಕೆಲಸ ಮುಗಿದ ಮೇಲೆ ಅವನು ಹೇಳಿದ. "ನಿಮ್ಮ ಕೆಲಸ ಆತಲ್ಲ, ಈಗ ನಂದೊಂದು ಮಾತು ಕೇಳ್ರಿ. ಆ ಕೂಸಿಗೆ ರಗತ ಕಡಿಮಿ ಆಗ್ಯಾದ. ದವಾಖಾನಿಗೆ ಒಯ್ದ್ರ ಉಳೀತದ. ನಾ ಹೇಳಿದ್ರ ನಾಯಿ ಛೂ ಬಿಡ್ತಾರ. ನೀವು ಹೇಳಿದ್ರ ಕೇಳ್ತಾರ. ನಿಮಗ ಹೆದರ್ತಾರ."

ಯಾಕೋ ಆ ಮಾತು ಒಳಗೆ ಇಳಿಯಿತು. ಹಿತ್ತಲ ಬಾಗಿಲಿಗೆ ಹೋಗಿ ಅತ್ತೆಗೆ ಹೇಳಿದೆ: "ಕಟ್ಟೀನಿ, ಇನ್ನ ಬರಂಗಿಲ್ಲ. ಆದ್ರ ಹೀರಿದ ರಗತ ಹೊಳ್ಳಿ ತುಂಬಬೇಕು. ಇವತ್ತಽ ದವಾಖಾನಿಗೆ ಒಯ್ರಿ. ತಡ ಆದ್ರ ನನ್ನ ಕೈಯಾಗಿಲ್ಲ." ಆಗಲೇ ಆಟೋ ತರಿಸಿದರು. ಕೂಸಿಗೆ ರಕ್ತ ಕೊಟ್ಟರು, ಹೊಟ್ಟೆಯ ಹುಳಕ್ಕೆ ಔಷಧ ಕೊಟ್ಟರು. ತಿಂಗಳಲ್ಲಿ ಅಂಗಳದಲ್ಲಿ ಓಡಾಡತೊಡಗಿತು.

ಆ ಕೂಸನ್ನು ಉಳಿಸಿದ್ದು ನನ್ನ ಮೊಳೆಯೋ ಅವನ ದವಾಖಾನೆಯೋ ಎಂಬ ಜಗಳ ನಮ್ಮಿಬ್ಬರ ನಡುವೆ ಕೊನೆಯವರೆಗೂ ತೀರಲಿಲ್ಲ.

ಆಮೇಲೆ ಅವನು ಕೆಲಸಕ್ಕೆ ಲಿಂಗಸುಗೂರಿಗೆ ಬಂದ. ಅಲ್ಲಿಂದ ನಮ್ಮೂರು ಹತ್ತಿರ. ಯಾರಾದರೂ ನನ್ನನ್ನು ಕರೆದರೆ ನಾನು ಮೊದಲು ರೆಪ್ಪೆ ಎಳೆದು ನೋಡಿ, ಅವನಿಗೆ ಫೋನು ಹಚ್ಚಿ, ಮೊಳೆ ಬಡಿದು, "ರಗತ ತುಂಬಿಸ್ರಿ" ಎಂದು ಕಳಿಸುತ್ತಿದ್ದೆ. ಅವನು ಅಲ್ಲಿ ನಿಂತು ಚೀಟಿ ಮಾಡಿಸಿಕೊಡುತ್ತಿದ್ದ. ಫೋನಿನಲ್ಲಿ ನನ್ನನ್ನು "ಮೊಳಿಬಾಯಿ" ಅನ್ನುತ್ತಿದ್ದ. "ಏನ್ ಮೊಳಿಬಾಯಿ, ಇವತ್ತು ಯಾವ ದೆವ್ವ ಕಳಸಾಕತ್ತಿ?" ಎಂದು ಕೇಳಿದಾಗ ನನಗೇ ಗೊತ್ತಿಲ್ಲದೆ ನಗು ಬರುತ್ತಿತ್ತು. ರೀ ಹೋಗಿ ನೀ ಆದದ್ದು ಯಾವ ದಿನ ಎಂದು ನೆನಪಿಲ್ಲ.

ಒಂದು ರವಿವಾರ ಮಧ್ಯಾಹ್ನ ತನ್ನ ಹಳೆಯ ಮೊಪೆಡ್ ಮೇಲೆ ನಮ್ಮ ಮನೆಗೆ ಬಂದ. ಬಾಗಿಲ ಮುಂದಿನ ಬೇವಿನ ಮರದ ಕಟ್ಟೆಯ ಮೇಲೆ ಕುಳಿತ. ತೊಳೆದು ಇಸ್ತ್ರಿ ಮಾಡಿದ ನೀಲಿ ಅಂಗಿ, ಆದರೂ ಫಿನೈಲಿನ ವಾಸನೆ. ಬಿಸಿ ರೊಟ್ಟಿ, ಪುಂಡಿಪಲ್ಯ ಹಿಡಿದು ಹೊರಗೆ ಬಂದೆ. ಅವನು ಕಟ್ಟೆಯ ಮೇಲೆ ಪಕ್ಕದಲ್ಲಿ ಜಾಗ ತೋರಿಸಿ "ಅಲ್ಲಿ ಇಡು" ಎಂದ.

"ಯಾಕ, ಕೈ ಇಲ್ಲೇನು?"

"ನನ್ನ ಕೈಗೆ ಯಾರೂ ಏನೂ ಕೊಡಂಗಿಲ್ಲ. ಕೆಳಗ ಇಡ್ತಾರ, ನಾ ತಗೋತೀನಿ. ರೂಢಿ ಆಗ್ಯಾದ."

ನಾನು ಅವನ ಕೈ ಹಿಡಿದು, ಅಂಗೈ ಬಿಡಿಸಿ, ಅದರ ಮೇಲೆ ರೊಟ್ಟಿ ಇಟ್ಟೆ. ಅವನು ತಿನ್ನಲಿಲ್ಲ. ರೊಟ್ಟಿ ಹಿಡಿದ ಕೈಯನ್ನು ಹಾಗೇ ನೋಡುತ್ತ ಕುಳಿತ. ಆಮೇಲೆ ಮುಖ ಆಚೆ ತಿರುಗಿಸಿದ. ಅವನ ಹೆಂಡತಿ ಮದುವೆಯಾದ ವರ್ಷದೊಳಗೆ ವಾಸನೆ ತಾಳಲಾರೆ ಎಂದು ತವರಿಗೆ ಹೋಗಿ, ಬೇರೆ ಮದುವೆಯಾಗಿದ್ದಳು. ಕ್ಷೌರದ ಅಂಗಡಿಯವರು ಅವನನ್ನು ಕೂರಿಸಿಕೊಳ್ಳುತ್ತಿರಲಿಲ್ಲ, ತಾನೇ ಕನ್ನಡಿ ಹಿಡಿದು ಕೂದಲು ಕತ್ತರಿಸಿಕೊಳ್ಳುತ್ತಿದ್ದ. ಹಿಂದೆ ಒಂದು ಕಡೆ ಸೊಟ್ಟ ಇರುತ್ತಿತ್ತು. ಆ ದಿನ ನಾನು ಕತ್ತರಿ ತಂದು ಸರಿ ಮಾಡಿದೆ.

ಪ್ರತಿ ರವಿವಾರ ಬಂದ. ಆದರೆ ಒಂದು ದಿನವೂ ಒಳಗೆ ಬರಲಿಲ್ಲ. "ಬಿಸಲು ಬಾಳ ಅದ, ಒಳಗ ಬಾ" ಎಂದರೆ ಅಂಗೈ ಅಡ್ಡ ಆಡಿಸುತ್ತಿದ್ದ. "ಬ್ಯಾಡ. ನಿನಗ ಇರೋ ಹೆಸರು ಸಾಕು, ಮತ್ತೊಂದು ಹೆಸರು ಬರೂದು ಬ್ಯಾಡ."

ಹೀಗೆ ಆರು ವರ್ಷ. ಕೊನೆಯ ವರ್ಷ, ಚಳಿಗಾಲದಲ್ಲಿ, ಮಸ್ಕಿಯ ಗುಡ್ಡ ಹತ್ತಿದ್ದೆವು. ಅರ್ಧಕ್ಕೇ ನನಗೆ ಏದುಸಿರು. ಒಂದು ಬಂಡೆಯ ನೆರಳಿಗೆ ಕುಳಿತಾಗ ಅವನು ಹೇಳಿದ: "ಮದಿವಿ ಗಿದಿವಿ ಅನ್ನಂಗಿಲ್ಲ ನಾ. ಒಂದಽ ಮನ್ಯಾಗ ಇರೂಣು. ನೀ ದೆವ್ವ ನಂಬು, ನಾ ನಂಬಂಗಿಲ್ಲ. ಸಂಜಿಮುಂದ ಜಗಳಾ ಆಡಾಕರ ಒಬ್ರು ಬೇಕಲ್ಲ."

ನಾನು ಹೂಂ ಎಂದೆ.

ಲಿಂಗಸುಗೂರಿನಲ್ಲಿ ಒಂದು ಕೋಣೆ ನೋಡಲು ಹೋದೆವು. ಮನೆಯ ಯಜಮಾನಿ, ವಯಸ್ಸಾದ ಹೆಂಗಸು, ಇಬ್ಬರನ್ನೂ ಮೇಲೆ ಕೆಳಗೆ ನೋಡಿ "ಏನ್ ಮಾಡ್ತೀರಿ?" ಎಂದಳು. ಅವನು "ದವಾಖಾನ್ಯಾಗ ಅದೀನ್ರಿ" ಎಂದ. ನಾನು "ಖಾನಾವಳಿಗೆ ರೊಟ್ಟಿ ಬಡೀತೀನ್ರಿ" ಎಂದೆ. ಅವನದು ಅರ್ಧ ಸುಳ್ಳು, ನನ್ನದು ಪೂರ್ತಿ ಸುಳ್ಳು. ಹುಣ್ಣಿಮೆ ಕಳೆದ ಮೇಲೆ ಬನ್ನಿ ಎಂದಳು. ಬಸ್‌ಸ್ಟ್ಯಾಂಡಿನವರೆಗೆ ನಗುತ್ತ ಬಂದೆವು. ನಲವತ್ತು ದಾಟಿದ ಹೆಂಗಸು ಹಾಗೆ ನಗಬಾರದೇನೋ.

ಹುಣ್ಣಿಮೆಗೆ ಮೂರು ದಿನ ಇರುವಾಗ ಅವನ ಫೋನಿನಿಂದ ಕರೆ ಬಂತು. ದನಿ ಬೇರೆ ಯಾರದೋ.

"ಇದ್ರಾಗ ಕಡೀಕ ಮಾತಾಡಿದ ನಂಬರು ನಿಮ್ದು ಅದ. ಮೊಳಿಬಾಯಿ ಅಂತ ಬರದಾರ. ಇವರು ನಿಮಗ ಏನಾಗ್ಬೇಕ್ರಿ?"

ಆ ಮನುಷ್ಯ ಎರಡು ಸಲ ಕೇಳಿ, ಆಮೇಲೆ ತಾನೇ ಹೇಳಿದ. ಮಸ್ಕಿಯ ರಸ್ತೆಯಲ್ಲಿ ಲಾರಿ ಬಡಿದಿತ್ತು. ಮೊಪೆಡ್ ಹಿಂದೆ ಹೊಸ ಚಾಪೆಯೊಂದನ್ನು ಸುತ್ತಿ ಕಟ್ಟಿಕೊಂಡು ನಮ್ಮೂರ ಕಡೆಗೇ ಬರುತ್ತಿದ್ದ.

ಅವನ ಹೆಣವನ್ನು ಅವನೇ ಕೊಯ್ಯುತ್ತಿದ್ದ ಕೋಣೆಗೆ ಒಯ್ದರು. ಕೊಯ್ಯುವವರು ಯಾರೂ ಇರಲಿಲ್ಲ, ಅಲ್ಲಿ ಆ ಕೆಲಸದವನು ಅವನೊಬ್ಬನೇ. ಸಿಂಧನೂರಿನಿಂದ ಒಬ್ಬನನ್ನು ಕರೆಸಬೇಕಾಯಿತು. ಅಲ್ಲಿಯವರೆಗೆ ನಾನೂ, ಅವನ ಅಕ್ಕನೂ ಹೊರಗಿನ ಬೇಲಿಯ ನೆರಳಲ್ಲಿ ಕುಳಿತಿದ್ದೆವು. ಆಕೆಯನ್ನು ನಾನು ಕಂಡದ್ದು ಅದೇ ಮೊದಲು. ಸಿಂಧನೂರಿನವನು ಬಂದ, ಒಳಗೆ ಹೋದ, ಕೂಡಲೇ ಹೊರಗೆ ಬಂದು ಗೋಡೆಗೆ ತಲೆ ಕೊಟ್ಟು ನಿಂತ. "ಇವಾ ನನಗ ಕೈ ಹಿಡದು ಕೆಲಸ ಕಲಿಸ್ಯಾನ್ರೀ" ಎಂದ. ಅಕ್ಕ ಎದ್ದು ಹೋಗಿ ಅವನ ಬೆನ್ನು ಸವರಿದಳು. ಆಮೇಲೆ ಅವನು ಹೋಗಿ ಕೆಲಸ ಮುಗಿಸಿದ. ಹೊಲಿಗೆ ಬಹಳ ಚೆನ್ನಾಗಿ ಹಾಕಿದ್ದ.

ಸಿಂಧನೂರಿನ ಆಚೆ, ಕಾಲುವೆ ದಂಡೆಯ ಅವನ ಹಳ್ಳಿಯಲ್ಲಿ ಮಣ್ಣು ಮಾಡಿದೆವು. ಹೆಗಲು ಕೊಡಲು ಬಂದವರು ನಾಲ್ಕೇ ಜನ. ಮೂರನೆಯ ದಿನ ಊರ ಹಿರಿಯರು ಅಕ್ಕನ ಮನೆಯ ಮುಂದೆ ಬಂದು ನಿಂತರು. ನಾನು ಯಾರೆಂದು ಅವರಿಗೆ ಗೊತ್ತಾಗಿತ್ತು.

"ಗಾಡಿ ಹಾಯ್ದು ಸತ್ತಾನ. ಅದರಾಗ ಜೀವನ ಪೂರಾ ಹೆಣ ಮುಟ್ಟಿದಾಂವ. ಸುಮ್ನ ಮಲಗಂಗಿಲ್ಲ. ನೀ ಹೆಂಗೂ ಬಂದೀದಿ, ಮೊಳಿ ಬಡಿ."

"ಆಂವ ಹಂಗ ಬರಾಂವ ಅಲ್ರಿ" ಎಂದೆ. ನನ್ನ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಎಷ್ಟೋ ಮನೆಯವರು ನನಗೆ ಅದೇ ಮಾತು ಹೇಳಿದ್ದರು.

"ಬಡಿಯಂಗಿಲ್ಲ ಅಂದ್ರ ತಗದು ಬ್ಯಾರೆ ಕಡೆ ಒಯ್ರಿ."

ಅಕ್ಕ ನನ್ನ ಕೈ ಹಿಡಿದುಕೊಂಡಳು. ಅವಳಿಗೆ ಆ ಊರಲ್ಲೇ ಬಾಳಬೇಕಿತ್ತು. ಸುತ್ತಿಗೆ ತಗೊಂಡು ಹೋದೆ. ಹಿರಿಯರು ದೂರದಲ್ಲಿ, ಬೇಲಿಯ ಆಚೆಗೆ ನಿಂತರು, ಯಾರೂ ಹತ್ತಿರ ಬರುವುದಿಲ್ಲವಲ್ಲ. ನಾನು ಅವರಿಗೆ ಬೆನ್ನು ಮಾಡಿ ಕುಳಿತು, ಮಣ್ಣಲ್ಲಿ ಒಂದು ಕಲ್ಲನ್ನು ಒತ್ತಿಟ್ಟು, ಅದರ ಮೇಲೆ ಬಡಿದೆ. ಕಬ್ಬಿಣದ ಸದ್ದು ಬಂತು. ನಾಲ್ಕು ಮೂಲೆಗೂ ಹೋಗಿ ಹಾಗೆಯೇ ಮಾಡಿದೆ. ತಲೆಯ ಹತ್ತಿರ ಬಂದಾಗ ಕಣ್ಣು ತುಂಬಿ ಏಟು ತಪ್ಪಿ ಎಡಗೈ ಬೆರಳಿಗೆ ಬಿತ್ತು. ಉಗುರು ಸೀಳಿ ರಕ್ತ ಹನಿಯಿತು. ಒಣಮಣ್ಣು ಅದನ್ನು ಕುಡಿದುಬಿಟ್ಟಿತು. ಐದೂ ಮೊಳೆ ನನ್ನ ಉಡಿಯಲ್ಲೇ ಇದ್ದವು. ಅಪ್ಪನ ಕೆಲಸದಲ್ಲಿ ನಾನು ಮಾಡಿದ ಒಂದೇ ಮೋಸ ಅದು.

ಇಲ್ಲಿಂದ ಮುಂದಿನದನ್ನು ನಂಬಿ ಎಂದು ಯಾರಿಗೂ ಹೇಳುವುದಿಲ್ಲ. ಕಂಡದ್ದನ್ನು ಹೇಳುತ್ತೇನೆ.

ತಿಂಗಳು ಕಳೆದಿತ್ತು. ಮಧ್ಯಾಹ್ನ ಒಲೆಯ ಮುಂದೆ ಕುಳಿತಿದ್ದೆ. ಫಿನೈಲಿನ ವಾಸನೆ ಬಂತು. ತಿರುಗಿದರೆ ಬಾಗಿಲ ಚೌಕಟ್ಟಿನಲ್ಲಿ ಬೇವಿನ ಕಟ್ಟೆ ಕಾಣುತ್ತಿತ್ತು, ಕಟ್ಟೆಯ ಮೇಲೆ ಅವನು ಕುಳಿತಿದ್ದ. ಅದೇ ನೀಲಿ ಅಂಗಿ. ಮೊಣಕಾಲ ಮೇಲೆ ಅಂಗೈ ಊರಿ, ಸ್ವಲ್ಪ ಮುಂದೆ ಬಾಗಿ. ನನಗೆ ಹೆದರಿಕೆ ಆಗಲಿಲ್ಲ. ರೊಟ್ಟಿ ಒಯ್ದು ಅವನ ಕೈ ಹತ್ತಿರ ಹಿಡಿದೆ. ತಗೊಳ್ಳಲಿಲ್ಲ. ಪಕ್ಕದಲ್ಲಿಟ್ಟೆ. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಕಟ್ಟೆ ಖಾಲಿ, ರೊಟ್ಟಿಗೆ ಇರುವೆ ಹತ್ತಿತ್ತು.

ಮರುದಿನವೂ ಬಂದ. ಆಮೇಲೆ ದಿನಾ. ನಾನು ಬೆಳಿಗ್ಗೆಯೇ ಎದ್ದು ಅಂಗಳ ಸಾರಿಸಿ, ಕಟ್ಟೆ ತೊಳೆದು, ತಲೆ ಬಾಚಿಕೊಂಡು ಕಾಯತೊಡಗಿದೆ. ಊರಿನ ಸುದ್ದಿ ಎಲ್ಲ ಹೇಳುತ್ತಿದ್ದೆ. ಅವನು ಕೇಳುತ್ತಿದ್ದ ಹಾಗೆ ಇರುತ್ತಿತ್ತು. "ನೋಡಿದಿಲ್ಲೋ, ಎದ್ದು ಬಂದಿ. ಈಗರ ಒಪ್ಕೋತಿ ಇಲ್ಲೋ?" ಎಂದು ಒಂದು ದಿನ ಕೇಳಿದೆ. ಕಣ್ಣ ಅಂಚಿನಲ್ಲಿ ನಕ್ಕ ಎಂದು ಈಗಲೂ ಅನ್ನಿಸುತ್ತದೆ.

ಇದರ ಜೊತೆಗೆ ನನ್ನ ಮೈ ಇಳಿಯುತ್ತ ಬಂತು. ಕೊಡ ಎತ್ತಿದರೆ ಕಣ್ಣು ಕತ್ತಲೆ. ಬಾವಿಯ ಹತ್ತಿರ ಪಕ್ಕದ ಮನೆಯ ಅಜ್ಜಿ ನನ್ನ ಉಗುರು ನೋಡಿ ಬಾಯಿ ಮುಚ್ಚಿಕೊಂಡಳು. "ಯವ್ವಾ, ಊರ ದೆವ್ವಾ ಕಟ್ಟಿದಾಕಿ ನೀ. ನಿನ್ನನ್ನಽ ಹೀರಾಕತ್ತದಲ್ಲ ಬೇ. ನಿನಗ ತಿಳಿವಲ್ದೇನು?"

ತಿಳಿಯದೆ ಏನು. ಮನೆಗೆ ಬಂದು ಕನ್ನಡಿ ಹಿಡಿದು ರೆಪ್ಪೆ ಎಳೆದು ನೋಡಿಕೊಂಡೆ. ಬಿಳಿ. ನಾಚಿಕೆಯಿಲ್ಲದೆ ಹೇಳುತ್ತೇನೆ, ನನಗೆ ಸಂತೋಷವಾಯಿತು. ಪ್ರೀತಿ ಎಷ್ಟೋ ಅಷ್ಟು ರಗತ ಎಂದು ಅಪ್ಪ ಹೇಳಿದ್ದನಲ್ಲ. ಬದುಕಿದ್ದಾಗ ಅವನು ಬಾಯಿಬಿಟ್ಟು ಹೇಳದ್ದನ್ನು ನನ್ನ ಬಿಳಿಚಿದ ಮುಖ ಹೇಳುತ್ತಿತ್ತು. ತಗೊಳ್ಳಲಿ, ಎಲ್ಲ ತಗೊಳ್ಳಲಿ ಎಂದುಕೊಂಡೆ.

ಹೀಗೆ ಮೂರು ತಿಂಗಳು. ಒಂದು ಮಧ್ಯಾಹ್ನ ಒಲೆಯಿಂದ ಬಾಗಿಲವರೆಗೆ ನಡೆಯುವುದೂ ಆಗಲಿಲ್ಲ. ಗೋಡೆ ಹಿಡಿದು ಬಂದು ಹೊಸ್ತಿಲ ಒಳಗೆ ಕುಳಿತೆ. ಅವನು ಕಟ್ಟೆಯ ಮೇಲಿದ್ದ. ಸತ್ತವರಿಗೆ ಎಂದೂ ಹೇಳಬೇಡ ಎಂದು ಅಪ್ಪ ಕಲಿಸಿದ್ದ ಮಾತನ್ನು ನಾನು ಹೇಳಿದೆ.

"ಬಾ. ಒಳಗ ಬಾ."

ಅವನು ಬರಲಿಲ್ಲ.

"ನಾನಽ ಕರಿಯಾಕತ್ತೀನಿ. ಬಂದುಬಿಡು. ನನಗೂ ಸಾಕಾಗ್ಯಾದ."

ಅವನು ಬಲಗೈ ಎತ್ತಿ, ಅಂಗೈಯನ್ನು ಅಡ್ಡ ಆಡಿಸಿದ. ಬೇಡ ಎಂದು.

ನನಗೆ ಎಲ್ಲಿತ್ತೋ ಅಷ್ಟು ಸಿಟ್ಟು, ಕೂಗಿಬಿಟ್ಟೆ. "ಇದ್ದಾಗೂ ಬರಲಿಲ್ಲ, ಸತ್ತ ಮ್ಯಾಲೂ ಬರಂಗಿಲ್ಲೇನು? ಈಗ ಯಾವ ಹೆಸರು ಬರತದಂತ ಹೆದರಾಕತ್ತಿ?" ಅಳುತ್ತ ಕುಳಿತೆ. ಅಳು ನಿಂತಾಗ ಕಟ್ಟೆಯ ಮೇಲೆ ಯಾರೂ ಇರಲಿಲ್ಲ.

ಅಲ್ಲೇ ಹೊಸ್ತಿಲಲ್ಲಿ ಒರಗಿಕೊಂಡು ಯೋಚಿಸಿದೆ. ಕರೆದರೂ ಬಾರದ ಸತ್ತವರ ಬಗ್ಗೆ ನಾನು ಕೇಳಿರಲಿಲ್ಲ. ರಗತ ಬೇಕಾಗಿದ್ದರೆ ಬರುತ್ತಿದ್ದ. ಹಾಗಾದರೆ ನನ್ನನ್ನು ಹೀರುತ್ತಿರುವುದು ಅವನಲ್ಲ. ಅವನಲ್ಲದಿದ್ದರೆ ಏನು ಎಂದು ಕೇಳಿಕೊಂಡಾಗ ಉತ್ತರ ನನ್ನ ಮೈಯಲ್ಲೇ ಇತ್ತು. ಮಸ್ಕಿಯ ಗುಡ್ಡ ಹತ್ತಿದ ದಿನಕ್ಕೂ ಮೊದಲಿನಿಂದ ನನ್ನ ತಿಂಗಳ ಮುಟ್ಟು ನಿಲ್ಲದೆ ಹೋಗುತ್ತಿತ್ತು. ವಯಸ್ಸಿನದು ಎಂದು ಬಿಟ್ಟಿದ್ದೆ. ಅವನಿಗೂ ಹೇಳಿರಲಿಲ್ಲ, ಗಂಡಸಿಗೆ ಹೇಗೆ ಹೇಳುವುದೆಂದು.

ಮರುದಿನ ಅಜ್ಜಿಯನ್ನು ಜೊತೆಗೆ ಕರೆದುಕೊಂಡು ಲಿಂಗಸುಗೂರಿನ ಬಸ್ಸು ಹತ್ತಿದೆ. ವಯಸ್ಸಿನಲ್ಲಿ ನನಗಿಂತ ಬಹಳ ಸಣ್ಣವಳಾದ ಡಾಕ್ಟರಮ್ಮ ನನ್ನ ರೆಪ್ಪೆ ಕೆಳಗೆಳೆದು ನೋಡಿದಳು, ನಾನು ಎಷ್ಟೋ ಜನರದು ನೋಡಿದ ಹಾಗೆಯೇ. "ಇಷ್ಟು ದಿನ ಏನ್ ಮಾಡಾಕತ್ತಿದ್ರಿ?" ಎಂದಳು. ಗರ್ಭಕೋಶದಲ್ಲಿ ಗಡ್ಡೆ ಬೆಳೆದಿತ್ತು. ಮೊದಲು ರಕ್ತ ಹಾಕಿ, ಆಮೇಲೆ ತೆಗೆಯಬೇಕೆಂದರು. ಸಹಿ ಹಾಕಲು ಮನೆಯವರು ಬೇಕಿತ್ತು. ನನಗೆ ಯಾರಿದ್ದಾರೆ? ಫೋನು ಹಚ್ಚಿದ್ದಕ್ಕೆ ಅವನ ಅಕ್ಕ ಓಡಿ ಬಂದಳು. ಕಾಗದದಲ್ಲಿ ಸಂಬಂಧ ಎಂದು ಬರೆಯುವ ಜಾಗದಲ್ಲಿ ನರ್ಸು ಪೆನ್ನು ನಿಲ್ಲಿಸಿ ಮುಖ ನೋಡಿದಾಗ, ಆಕೆ ಒಂದು ಕ್ಷಣವೂ ತಡೆಯಲಿಲ್ಲ. "ಬರೀರಿ. ನಮ್ಮ ತಮ್ಮನ ಹೆಂಡ್ತಿ" ಎಂದಳು.

ಯಾರದೋ ರಕ್ತ ಹನಿಹನಿಯಾಗಿ ನನ್ನ ಕೈಯೊಳಗೆ ಇಳಿಯುವುದನ್ನು ನೋಡುತ್ತ ಮಲಗಿದ್ದೆ. ಮೈಗೆ ಬಿಸಿ ಬರತೊಡಗಿತು. ಬಂದಷ್ಟೂ ಭಯವಾಯಿತು. ಗುಣವಾದರೆ ಏನಾಗುತ್ತದೆಂದು ನನಗೆ ಆಗಲೇ ತಿಳಿದಿತ್ತು.

ಮನೆಗೆ ಬಂದೆ. ಅಂಗಳ ಸಾರಿಸಿ, ಕಟ್ಟೆ ತೊಳೆದು ಕಾದೆ. ಅವನು ಬರಲಿಲ್ಲ. ಮರುದಿನ ಬರಲಿಲ್ಲ. ತಿಂಗಳು ಕಾದೆ. ಕಟ್ಟೆಯ ಮೇಲೆ ಬೇವಿನ ಹಣ್ಣು ಉದುರುತ್ತಿದ್ದವು, ಗುಬ್ಬಿ ಕೂರುತ್ತಿದ್ದವು, ಅಷ್ಟೆ. ರಕ್ತ ಕಡಿಮೆಯಾದಾಗ ಮೆದುಳಿಗೆ ಹಾಗೆಲ್ಲ ಕಾಣುತ್ತದೆ ಎಂದು ಡಾಕ್ಟರಮ್ಮ ಸಮಾಧಾನದ ದನಿಯಲ್ಲಿ ಹೇಳಿದಳು. ಇರಬಹುದು. ಅವನು ಇದ್ದಿದ್ದರೆ ಅವನೂ ಅದನ್ನೇ ಹೇಳುತ್ತಿದ್ದ, ಗೆದ್ದೆ ಎಂದು ನಗುತ್ತಿದ್ದ. ನಾನು ಒಪ್ಪುತ್ತಿರಲಿಲ್ಲ. ಅವನು ಬಂದದ್ದು ನನ್ನನ್ನು ದವಾಖಾನೆಗೆ ಕಳಿಸಲು, ಕಳಿಸಿ ಹೋದ. ಹೀಗೆಂದುಕೊಂಡರೆ ರಾತ್ರಿ ನಿದ್ದೆ ಬರುತ್ತದೆ. ಆದರೆ ಮಧ್ಯಾಹ್ನಗಳನ್ನು ಏನು ಮಾಡಲಿ?

ಊರಲ್ಲಿ ಇರಲಾಗಲಿಲ್ಲ. ಈಗ ಲಿಂಗಸುಗೂರಿನಲ್ಲಿ ಒಂದು ಖಾನಾವಳಿಯಲ್ಲಿ ನಿಜವಾಗಿಯೂ ರೊಟ್ಟಿ ಬಡಿಯುತ್ತೇನೆ. ಜನ ತಿನ್ನುತ್ತಾರೆ. ಕೆಲವರಿಗೆ ನಾನು ಯಾರೆಂದು ಗೊತ್ತು, ಆದರೂ ತಿನ್ನುತ್ತಾರೆ, ಬಿಸಿ ಇದ್ದರೆ ಸಾಕು. ಹಳ್ಳಿಗಳಿಂದ ಈಗಲೂ ಹೇಳಿಕಳಿಸುವವರಿದ್ದಾರೆ. "ಬಿಟ್ಟೀನ್ರಿ. ದವಾಖಾನಿಗೆ ಒಯ್ರಿ" ಎನ್ನುತ್ತೇನೆ.

ಗುಣವಾದ ಮೇಲೆ ಒಂದು ವಿಷಯ ನನ್ನನ್ನು ಕೊರೆಯತೊಡಗಿತು. ಇಷ್ಟು ವರ್ಷ ಮೊಳೆ ಬಡಿದು ಬಂದ ಮನೆಗಳಲ್ಲಿ ಮರುದಿನ ಮಧ್ಯಾಹ್ನ ಹೇಗಿತ್ತು ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಸಾಲಗುಂದದಲ್ಲಿ ಒಬ್ಬ ಮುದುಕ ಇದ್ದ. ಅವನ ಹೆಂಡತಿ ಹೊಲದ ಪಂಪಿನ ಕರೆಂಟು ತಗುಲಿ ಸತ್ತಿದ್ದಳು. ಮುದುಕ ಎರಡು ತಾಟು ಇಟ್ಟುಕೊಂಡು ಉಣ್ಣುತ್ತಾನೆ, ಬಡಕಲಾಗುತ್ತಿದ್ದಾನೆ ಎಂದು ಮಕ್ಕಳು ನನ್ನನ್ನು ಕರೆಸಿದ್ದರು. ನಾನು ಗೋರಿಯ ಹತ್ತಿರ ಕುಳಿತಾಗ ಅವನು ಬಂದು ಸುತ್ತಿಗೆಯ ಕೈ ಹಿಡಿದಿದ್ದ. "ಬಡಿಬ್ಯಾಡವ್ವ. ಆಕಿ ಏನೂ ಮಾಡಂಗಿಲ್ಲ. ಸುಮ್ನ ಕುಂತು ಹೋಗ್ತಾಳ." ಮಕ್ಕಳು ಅವನನ್ನು ಎತ್ತಿ ಆಚೆ ಒಯ್ದಿದ್ದರು. ನಾನು ಐದೂ ಬಡಿದಿದ್ದೆ.

ಹೋದ ಬೇಸಿಗೆಯಲ್ಲಿ ಒಂದು ದಿನ ರಜೆ ಕೇಳಿ ಸಾಲಗುಂದಕ್ಕೆ ಹೋದೆ. ಮುದುಕ ಬದುಕಿದ್ದ. ಪಡಸಾಲೆಯಲ್ಲಿ ಹೊರಸಿನ ಮೇಲೆ ಕುಳಿತಿದ್ದ. ಕಣ್ಣು ಮಂಜಾಗಿದ್ದವು, ಆದರೂ ದನಿಯಿಂದ ಗುರುತು ಹಿಡಿದ.

"ಮೊಳಿ ಬಡದಾಕಿ ಅಲ್ಲೇನು ನೀ?"

"ಹೌದ್ರಿ ಅಜ್ಜಾರ. ತಪ್ಪಾತು ಅಂತ ಹೇಳಾಕ ಬಂದೀನಿ."

ಒಳಗೆ ಸೊಸೆ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು.

"ಆಕಿ ಮತ್ತ ಬರಲಿಲ್ಲ" ಎಂದ. "ನಾ ದಪ್ಪ ಆದೆ. ಮಕ್ಕಳು ಖುಷಿ ಆದ್ರು."

ನಾನು ತಲೆ ತಗ್ಗಿಸಿ ನಿಂತೆ. ಅವನು ನನ್ನ ಕಡೆ ಮುಖ ತಿರುಗಿಸಿ, ಕಣ್ಣು ಕಿರಿದು ಮಾಡಿ ನೋಡಲು ಪ್ರಯತ್ನಿಸಿದ.

"ನಿಂದು ಯಾರು ಹೋಗ್ಯಾರ?"

ಹೇಳಿದೆ. ಎಲ್ಲವನ್ನೂ ಅಲ್ಲ, ಆದರೆ ಅವನು ಮಾಡುತ್ತಿದ್ದ ಕೆಲಸ, ಅವನ ನೀಲಿ ಅಂಗಿ, ಬಂದದ್ದು, ಬಾರದೆ ಹೋದದ್ದು. ಇಷ್ಟು ಬಿಡಿಸಿ ಯಾರಿಗೂ, ಡಾಕ್ಟರಮ್ಮನಿಗೂ, ಹೇಳಿರಲಿಲ್ಲ ಅಲ್ಲಿಯವರೆಗೆ. ಮುದುಕ ಕೇಳಿದ. ಕೇಳಿ, ಹೊರಸಿನ ಮೇಲೆ ಸ್ವಲ್ಪ ಆಚೆ ಸರಿದು, ಖಾಲಿಯಾದ ಜಾಗವನ್ನು ಅಂಗೈಯಿಂದ ಸವರಿದ.

"ಕುಂದ್ರು. ಬಿಸಲು ಇಳದ ಮ್ಯಾಲ ಹೋಗುವಂತಿ" ಎಂದ.